ಸೋದರಿ ನಿವೇದಿತಾ: ಪಾಠದ ವ್ಯಾಪ್ತಿಗೆ ಮೀರಿದ ಒಂದು ಪ್ರಶ್ನೆ

ಬೋಧನಾಭ್ಯಾಸದ ಮೂರನೆಯ ವಾರ. ಮೈಸೂರಿನ ಒಂದು ಪ್ರೌಢಶಾಲೆಯ ಎಂಟನೆಯ ತರಗತಿಯಲ್ಲಿ ಕೊನೆಯ ಬೆಂಚಿನ ಮೇಲೆ ಅವಲೋಕನ ಪುಸ್ತಕ ಹಿಡಿದು ಕುಳಿತಿದ್ದೆ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಸೋದರಿ ನಿವೇದಿತಾ ಅವರ ಜೀವನವನ್ನು ಪಾಠಕ್ಕೆ ತೆಗೆದುಕೊಂಡಿದ್ದರು. ಪೀಠಿಕೆ ಚೆನ್ನಾಗಿತ್ತು, ಚಾರ್ಟ್ ಅಚ್ಚುಕಟ್ಟಾಗಿತ್ತು, ದನಿ ಕೊನೆಯ ಬೆಂಚಿಗೂ ಕೇಳುತ್ತಿತ್ತು. ಐರ್ಲೆಂಡಿನ ಕ್ರೈಸ್ತ ಮನೆಯಲ್ಲಿ ಹುಟ್ಟಿದ ಮಾರ್ಗರೆಟ್ ಭಾರತಕ್ಕೆ ಬಂದು ಕಾಳಿಯ ಭಕ್ತೆಯಾದರು ಎಂದು ಅವರು ಹೇಳಿದಾಗ ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಹಾಗಾದರೆ ಅವರು ತಮ್ಮ ಹಳೆಯ ದೇವರನ್ನು ಏನು ಮಾಡಿದರು, ಆ ದೇವರಿಗೆ ಬೇಜಾರಾಗಲಿಲ್ಲವಾ ಎಂದು ಕೇಳಿದಳು.

ತರಗತಿ ನಕ್ಕಿತು. ಅವಳು ನಗಲಿಲ್ಲ. ಪ್ರಶಿಕ್ಷಣಾರ್ಥಿ ನನ್ನತ್ತ ಒಮ್ಮೆ ನೋಡಿ, ಸಮಯವಿದ್ದರೆ ಆಮೇಲೆ ಹೇಳುತ್ತೇನೆ ಎಂದು ಕಪ್ಪುಹಲಗೆಯ ಸಾರಾಂಶಕ್ಕೆ ತಿರುಗಿಬಿಟ್ಟರು. ನಾನು ಪುಸ್ತಕದಲ್ಲಿ ಬರೆದೆ: ಪಾಠದ ವ್ಯಾಪ್ತಿಗೆ ಮೀರಿದ ಪ್ರಶ್ನೆ, ಜಾಣ್ಮೆಯಿಂದ ನಿಭಾಯಿಸಿದ್ದಾರೆ, ಸಮಯ ಪಾಲನೆ ಉತ್ತಮ. 25ಕ್ಕೆ 21 ಅಂಕ ಕೊಟ್ಟೆ.

ಸಂಜೆ ಬಸ್ಸಿನಲ್ಲಿ ಬರುವಾಗ ಆ ಟಿಪ್ಪಣಿ ಚುಚ್ಚತೊಡಗಿತು. ಆ ಹುಡುಗಿ ಮನೆಯಲ್ಲಿ ಯಾವ ದೇವರಿಗೆ ಕೈಮುಗಿಯುತ್ತಾಳೋ ನಾನು ವಿಚಾರಿಸಿಲ್ಲ. ನಮ್ಮ ಊರಿನ ತರಗತಿಯಲ್ಲಿ ಭಾನುವಾರ ಸೇಂಟ್ ಫಿಲೋಮಿನಾ ಚರ್ಚಿಗೆ ಹೋಗುವ ಮಗುವೂ ಇರುತ್ತದೆ, ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟ ಹತ್ತುವ ಮಗುವೂ ಇರುತ್ತದೆ. ಕೆಲವೊಮ್ಮೆ ಎರಡೂ ಒಂದೇ ಮಗುವಾಗಿರುತ್ತದೆ. ಅವರೆಲ್ಲರ ಮುಂದೆ ಬಂದ ಪ್ರಶ್ನೆಯನ್ನು ನಾನೇ ವ್ಯಾಪ್ತಿಯಿಂದ ಹೊರಗೆ ಹಾಕಿದ್ದೆ. ನಿಜ ಹೇಳಬೇಕೆಂದರೆ ಉತ್ತರ ನನಗೂ ಗೊತ್ತಿರಲಿಲ್ಲ. ಶಿಕ್ಷಣ ಚಿಂತಕರ ಪತ್ರಿಕೆಯಲ್ಲಿ ಎಷ್ಟೋ ವರ್ಷಗಳಿಂದ ನಿವೇದಿತಾ ಅವರನ್ನು ಹೇಳಿಕೊಡುತ್ತಿದ್ದೇನೆ. ಜನನ, ಮರಣ, ಶಾಲೆ, ಸ್ತ್ರೀ ಶಿಕ್ಷಣ, ರಾಷ್ಟ್ರೀಯ ಶಿಕ್ಷಣ; ಐದು ಅಂಕದ ಪ್ರಶ್ನೆ. ಆ ಬೇಸಿಗೆ ರಜೆಯಲ್ಲಿ ಅವರು ಬರೆದದ್ದನ್ನೂ ಅವರ ಬಗ್ಗೆ ಬರೆದದ್ದನ್ನೂ ಮತ್ತೆ ಮೊದಲಿನಿಂದ ಓದಿದೆ. ಓದಿದ್ದನ್ನು ನನ್ನ ಮಾತಿನಲ್ಲಿ ಇಲ್ಲಿ ಹೇಳುತ್ತೇನೆ.

ಮಾರ್ಗರೆಟ್ ಎಲಿಜಬೆತ್ ನೋಬಲ್ ಹುಟ್ಟಿದ್ದು 1867ರ ಅಕ್ಟೋಬರ್ 28ರಂದು, ಉತ್ತರ ಐರ್ಲೆಂಡಿನ ಡಂಗ್ಯಾನನ್ ಎಂಬ ಊರಿನಲ್ಲಿ. ತಂದೆಯ ತಂದೆ ಪಾದ್ರಿ. ತಂದೆ ಸ್ಯಾಮ್ಯುಯೆಲ್ ಬಟ್ಟೆ ವ್ಯಾಪಾರ ಬಿಟ್ಟು, ಇಂಗ್ಲೆಂಡಿಗೆ ಹೋಗಿ ಓದಿ ತಾವೂ ಧರ್ಮಬೋಧಕರಾದರು. ಬಡವರ ಕೇರಿಗಳಲ್ಲಿ ಓಡಾಡಿ ದುಡಿದರು. 34ನೆಯ ವಯಸ್ಸಿಗೇ ತೀರಿಕೊಂಡರು. ಆಗ ಮಾರ್ಗರೆಟ್‌ಗೆ ಹತ್ತು ವರ್ಷ. ಈ ಮಗುವಿಗೆ ಒಂದು ದಿನ ದೇವರ ಕರೆ ಬರುತ್ತದೆ, ಆಗ ತಡೆಯಬೇಡ ಎಂದು ಅವರು ಹೆಂಡತಿಗೆ ಹೇಳಿ ಕಣ್ಣು ಮುಚ್ಚಿದರಂತೆ. ಆ ತಾಯಿ ಮಾತು ಉಳಿಸಿಕೊಂಡರು. ಮಗಳು ಭಾರತಕ್ಕೆ ಹೊರಟಾಗ ತಡೆಯಲಿಲ್ಲ.

ಮಾರ್ಗರೆಟ್ ಕ್ರೈಸ್ತ ನಂಬಿಕೆಯನ್ನು ಹೆಸರಿಗೆ ಮಾತ್ರ ಹೊತ್ತವಳಲ್ಲ. ಬಾಲ ಏಸುವನ್ನು ಮನಸಾರೆ ಪೂಜಿಸುತ್ತಿದ್ದಳು. ಜನರಿಗಾಗಿ ತನ್ನನ್ನೇ ಕೊಟ್ಟುಕೊಂಡ ಆ ಜೀವದ ಮುಂದೆ ತನ್ನ ಪ್ರೀತಿ ಸಾಲದು ಎಂದು ಮರುಗುತ್ತಿದ್ದಳು. ಬೋರ್ಡಿಂಗ್ ಶಾಲೆ ಹ್ಯಾಲಿಫ್ಯಾಕ್ಸ್‌ನಲ್ಲಿ. ಅದನ್ನು ನಡೆಸುತ್ತಿದ್ದವರೂ ಚರ್ಚಿನವರೇ. 1884ರಲ್ಲಿ, 17 ತುಂಬುವ ಹೊತ್ತಿಗೆ, ಕೆಸಿಕ್ ಎಂಬ ಊರಿನಲ್ಲಿ ಶಿಕ್ಷಕಿಯಾದಳು. ನಮ್ಮ ಡಿ.ಎಡ್. ಸೇರುವ ಮಕ್ಕಳ ವಯಸ್ಸು.

ಸಂದೇಹ ಶುರುವಾದದ್ದು 18ರ ಸುಮಾರಿಗೆ. ಕಲಿತ ಸಿದ್ಧಾಂತಗಳಲ್ಲಿ ಕೆಲವು ಸುಳ್ಳು ಎನಿಸತೊಡಗಿದವು, ತಾನು ನಂಬಿದ ಸತ್ಯಕ್ಕೂ ಅವಕ್ಕೂ ತಾಳೆಯಾಗಲಿಲ್ಲ. ಇದು ಒಂದು ದಿನದಲ್ಲಿ ಕಡಿದು ಬಿದ್ದ ಕೊಂಬೆಯಲ್ಲ. ಏಳು ವರ್ಷ ಹೊಯ್ದಾಡಿದಳು. ನಡುವೆ ಸುಮ್ಮನೆ ಎಲ್ಲರಂತೆ ಇದ್ದುಬಿಡೋಣವೆಂದು ಓಡಿಹೋಗಿ ಚರ್ಚಿನ ಪ್ರಾರ್ಥನೆಯಲ್ಲಿ ಕೂತಳು. ಸಮಾಧಾನ ಸಿಗದೆ ಎದ್ದು ಬಂದಳು. ಆಮೇಲೆ ಪ್ರಕೃತಿ ವಿಜ್ಞಾನ ಓದಿದಳು. ಅಲ್ಲಿನ ನಿಯಮಗಳಲ್ಲಿದ್ದ ಹೊಂದಿಕೆ ಧರ್ಮದ ಮಾತಿನಲ್ಲಿ ಯಾಕಿಲ್ಲ ಎಂಬ ಪ್ರಶ್ನೆ ದೊಡ್ಡದಾಯಿತು. ಬುದ್ಧನ ಕತೆ ಕೈಗೆ ಬಂತು. ಏಸುವಿಗಿಂತ ಶತಮಾನಗಳ ಹಿಂದೆ ಇನ್ನೊಂದು ಮಗು ಹುಟ್ಟಿ ಅಷ್ಟೇ ತ್ಯಾಗ ಮಾಡಿತ್ತು ಎಂಬುದು ಆಕೆಯನ್ನು ಹಿಡಿದು ನಿಲ್ಲಿಸಿತು. ಮೂರು ವರ್ಷ ಬೌದ್ಧ ಧರ್ಮವನ್ನು ಓದಿದರು. (ಇಲ್ಲಿಂದ ಮುಂದೆ ಬಹುವಚನವೇ ಸರಿ.)

ಈ ವರ್ಷಗಳಲ್ಲೆಲ್ಲ ಅವರು ಪಾಠ ಮಾಡುತ್ತಲೇ ಇದ್ದರು. ಕೆಸಿಕ್ ಆದಮೇಲೆ ಗಣಿ ಕಾರ್ಮಿಕರ ಊರಾದ ರೆಕ್ಸಮ್, ಆಮೇಲೆ ಚೆಸ್ಟರ್, ಆಮೇಲೆ ಲಂಡನ್ನಿನ ಮಗ್ಗುಲಿನ ವಿಂಬಲ್ಡನ್. ಪೆಸ್ಟಲಾಟ್ಸಿ ಮತ್ತು ಫ್ರೊಬೆಲ್ ಅವರ ಹೊಸ ಪದ್ಧತಿ ಆಗ ಇಂಗ್ಲೆಂಡಿನಲ್ಲಿ ಹರಡುತ್ತಿತ್ತು. ಮಗುವಿಗೆ ಮೊದಲು ವಸ್ತು, ಆಮೇಲೆ ಹೆಸರು; ಮೊದಲು ಆಟ, ಆಮೇಲೆ ನಿಯಮ; ಮಗು ಎಲ್ಲಿದೆಯೋ ಶಿಕ್ಷಕ ಅಲ್ಲಿಗೆ ಇಳಿಯಬೇಕು. ನಾವು ಪರೀಕ್ಷೆಗೆ ಉರು ಹೊಡೆಯುವ ಈ ಸೂತ್ರಗಳನ್ನು ಮಾರ್ಗರೆಟ್ ತರಗತಿಯಲ್ಲಿ ದಿನವೂ ಪರೀಕ್ಷಿಸುತ್ತಿದ್ದರು. ವಿಂಬಲ್ಡನ್‌ನಲ್ಲಿ ತಮ್ಮದೇ ಶಾಲೆ ತೆರೆದರು. ಮುಂದೆ ಕಾಳಿಯ ಮುಂದೆ ಅವರು ಏನು ಮಾಡಿದರು ಎಂಬುದಕ್ಕೆ ಈ ಶಾಲೆಯೇ ಬೀಗದ ಕೈ ಎಂದು ಈಗ ನನಗೆ ಅನಿಸುತ್ತದೆ. ಅವರ ಜೀವನಚರಿತ್ರೆಗಳು ಈ ಭಾಗವನ್ನು ಬೇಗ ದಾಟಿಸಿ ಸ್ವಾಮೀಜಿಯ ಹತ್ತಿರ ಓಡುತ್ತವೆ.

ಸ್ವಾಮಿ ವಿವೇಕಾನಂದರನ್ನು ಅವರು ಮೊದಲು ಕಂಡದ್ದು 1895ರ ನವೆಂಬರ್‌ನಲ್ಲಿ, ಲಂಡನ್ನಿನ ಒಂದು ಮನೆಯ ಹಜಾರದಲ್ಲಿ. ಮೂರು ವರ್ಷ ಮೊದಲು, 1892ರಲ್ಲಿ, ಇದೇ ಸನ್ಯಾಸಿ ನಮ್ಮ ಮೈಸೂರಿಗೆ ಬಂದು ದಿವಾನ್ ಶೇಷಾದ್ರಿ ಅಯ್ಯರ್ ಅವರ, ಚಾಮರಾಜ ಒಡೆಯರ ಅತಿಥಿಯಾಗಿದ್ದರು. ಲಂಡನ್ನಿನಲ್ಲಿ ಅವರ ಮಾತು ಕೇಳಿದ ಮಾರ್ಗರೆಟ್ ಮೊದಲ ದಿನವೇ ಮಾರುಹೋಗಲಿಲ್ಲ. ಇದರಲ್ಲಿ ಹೊಸದೇನಿದೆ ಎಂದು ಹೇಳಿ ಎದ್ದು ಬಂದವರಲ್ಲಿ ಅವರೂ ಒಬ್ಬರು. ಆಮೇಲೆ ವಾರವಿಡೀ ಅದೇ ಮಾತುಗಳು ತಲೆಯಲ್ಲಿ ತಿರುಗಿದವು. ಮತ್ತೆ ಹೋದರು, ವಾದಿಸಿದರು. ಎರಡು ವರ್ಷ ಹೀಗೇ ನಡೆಯಿತು. ತಾನು ಒಪ್ಪದ ಮಾತಿಗೆ ತಲೆಯಾಡಿಸದ ವಿದ್ಯಾರ್ಥಿನಿ ಸ್ವಾಮೀಜಿಗೂ ಇಷ್ಟವಾದರು; ಅವರೂ ತಮ್ಮ ಗುರು ರಾಮಕೃಷ್ಣರ ಜೊತೆ ಹಾಗೆಯೇ ಗುದ್ದಾಡಿದವರು.

1898ರ ಜನವರಿ 28ರಂದು ಮಾರ್ಗರೆಟ್ ಕಲ್ಕತ್ತೆಯಲ್ಲಿ ಇಳಿದರು. ಮಾರ್ಚ್ 17ರಂದು ರಾಮಕೃಷ್ಣರ ಪತ್ನಿ ಶಾರದಾದೇವಿಯವರ ಭೇಟಿ. ಹಳ್ಳಿಯಲ್ಲಿ ಹುಟ್ಟಿದ ಬ್ರಾಹ್ಮಣ ವಿಧವೆ, ಬಂಗಾಳಿ ಬಿಟ್ಟು ಬೇರೆ ಭಾಷೆ ಬಾರದವರು. ಮ್ಲೇಚ್ಛರೆಂದು ದೂರ ಇಡಬಹುದಾಗಿದ್ದ ವಿದೇಶಿ ಹೆಂಗಸರನ್ನು ಹತ್ತಿರ ಕೂರಿಸಿಕೊಂಡು ಅವರ ಜೊತೆ ಊಟ ಮಾಡಿದರು. ಮಾರ್ಗರೆಟ್ ಅವರನ್ನು ಖುಕಿ ಎಂದು ಕರೆದರು. ನಮ್ಮ ಕಡೆಯ ಮಾತಿನಲ್ಲಿ ಪುಟ್ಟಿ. ಮೂವತ್ತು ವರ್ಷದ, ಲಂಡನ್ನಿನ ವಿದ್ವತ್ ಸಭೆಗಳಲ್ಲಿ ಮಾತಾಡಿ ಬಂದಿದ್ದ ಶಿಕ್ಷಕಿ ಪುಟ್ಟಿ ಆದರು. ತಾಯಿ ಎಂಬ ಮಾತಿನ ಅರ್ಥ ಅವರಿಗೆ ಈ ದೇಶದಲ್ಲಿ ಮೊದಲು ಸಿಕ್ಕಿದ್ದು ಗುಡಿಯಲ್ಲಲ್ಲ, ಈ ಮನೆಯಲ್ಲಿ.

ಮಾರ್ಚ್ 25ರಂದು ಬ್ರಹ್ಮಚರ್ಯ ದೀಕ್ಷೆ. ಕ್ರೈಸ್ತರ ಪಂಚಾಂಗದಲ್ಲಿ ಅಂದು ದೇವದೂತ ಮರಿಯಮ್ಮನಿಗೆ ಶುಭವಾರ್ತೆ ತಂದ ಹಬ್ಬ. ಮಾರ್ಗರೆಟ್ ಅದನ್ನು ಮರೆತಿರಲಿಲ್ಲ, ಆಮೇಲೆ ಬರೆದೂ ಇಟ್ಟಿದ್ದಾರೆ. ಸ್ವಾಮೀಜಿ ಅವರಿಂದ ಮೊದಲು ಶಿವಪೂಜೆ ಮಾಡಿಸಿ, ಕೊನೆಗೆ ಬುದ್ಧನ ಪಾದಕ್ಕೆ ಹೂ ಹಾಕಿಸಿದರು. ನಿವೇದಿತಾ ಎಂಬ ಹೆಸರು ಕೊಟ್ಟರು, ಅರ್ಪಿತಳಾದವಳು ಎಂಬರ್ಥದಲ್ಲಿ. ಹುಡುಗಿಯ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಓದುವಾಗ ಈ ದಿನ ನನ್ನನ್ನು ತಡೆದು ನಿಲ್ಲಿಸಿತು. ಏಸುವನ್ನು ತಿರಸ್ಕರಿಸುತ್ತೇನೆ ಎಂಬ ಮಾತನ್ನು ಅಲ್ಲಿ ಯಾರೂ ಅವರಿಂದ ಹೇಳಿಸಲಿಲ್ಲ. ಮುಂಚಿನಿಂದ ಪ್ರೀತಿಸಿದ್ದ ಬುದ್ಧನನ್ನೂ ಬಿಡಿಸಲಿಲ್ಲ.

ಆದರೆ ಸುಲಭವಾಗಿ ಏನೂ ಆಗಲಿಲ್ಲ. ಆ ಬೇಸಿಗೆಯಲ್ಲಿ ಅಲ್ಮೋರಾದಲ್ಲಿ ಪ್ರತಿ ಬೆಳಗ್ಗೆ ಪಾಠ, ಪಾಠವೆಂದರೆ ಜಗಳ. ಇಂಗ್ಲಿಷರ ಬಗೆಗಿನ ಅವರ ಅಭಿಮಾನವನ್ನು ಸ್ವಾಮೀಜಿ ಕಟುವಾಗಿ ಚುಚ್ಚುತ್ತಿದ್ದರು, ಇವರು ನೊಂದುಕೊಳ್ಳುತ್ತಿದ್ದರು. ಆಗಸ್ಟ್ 2ರಂದು ಗುರುವಿನ ಜೊತೆ ಅಮರನಾಥದ ಗುಹೆ. ಹಿಮಲಿಂಗದ ಮುಂದೆ ಸ್ವಾಮೀಜಿ ಮೈಮರೆತರು. ನಿವೇದಿತಾ ಅವರಿಗೆ ಏನೂ ಆಗಲಿಲ್ಲ. ಕೋಪ ಬಂತು, ಅಳು ಬಂತು. ತನಗೂ ಅದನ್ನು ತೋರಿಸಬಾರದಿತ್ತೇ ಎಂದು ಗುರುವನ್ನೇ ತರಾಟೆಗೆ ತೆಗೆದುಕೊಂಡರು. ಈಗ ತಿಳಿಯುವುದಿಲ್ಲ, ಯಾತ್ರೆ ಮಾಡಿಯಾಗಿದೆ, ಫಲ ಮುಂದೆ ತಾನಾಗಿ ಬರುತ್ತದೆ ಎಂಬ ಅರ್ಥದ ಉತ್ತರ ಸಿಕ್ಕಿತು. ಕಲಿಕೆ ಘಟಕ ಪರೀಕ್ಷೆಯ ದಿನಾಂಕ ನೋಡಿಕೊಂಡು ಬರುವುದಿಲ್ಲ ಎಂದು ನಮ್ಮಲ್ಲಿ ಅನುಭವಸ್ಥರು ಹೇಳುತ್ತಾರಲ್ಲ, ಹಾಗೆ.

ಕಾಳಿ ಬಂದದ್ದು ಕಾಶ್ಮೀರದ ಆ ದಿನಗಳ ಕೊನೆಗೆ. ಝೀಲಂ ನದಿಯ ದೋಣಿಮನೆಯಲ್ಲಿದ್ದಾಗ ಸ್ವಾಮೀಜಿ ತಮ್ಮ ಮುಸಲ್ಮಾನ ಅಂಬಿಗನ ನಾಲ್ಕು ವರ್ಷದ ಮಗಳನ್ನು ಉಮೆಯೆಂದು ಪೂಜಿಸುತ್ತಿದ್ದರು. ಸೆಪ್ಟೆಂಬರ್ 30ರಂದು ಒಬ್ಬರೇ ಕ್ಷೀರಭವಾನಿಗೆ ಹೋಗಿ ಕೆಲವು ದಿನ ಇದ್ದು ಬಂದರು. ಹಿಂತಿರುಗಿದಾಗ ಬೇರೆಯೇ ಮನುಷ್ಯ. ಬಾಯಲ್ಲಿ ತಾಯಿ ಎಂಬುದು ಬಿಟ್ಟು ಬೇರೆ ಮಾತಿಲ್ಲ. ಇದೇ ಸ್ವಾಮೀಜಿ ಆರು ವರ್ಷ ಕಾಳಿಯನ್ನು ಒಪ್ಪದೆ ಹೋರಾಡಿದ್ದನ್ನು, ಆಕೆಯನ್ನೂ ಆಕೆಯ ರೀತಿಗಳನ್ನೂ ದ್ವೇಷಿಸಿದ್ದನ್ನು ನಿವೇದಿತಾ ಅವರಿಗೆ ತಾವೇ ಹೇಳಿದರು. ಗುರು ತನ್ನ ಪ್ರತಿರೋಧವನ್ನು ಮುಚ್ಚಿಡಲಿಲ್ಲ; ಹಾಗಾಗಿ ಶಿಷ್ಯೆಯೂ ತನ್ನದನ್ನು ಮುಚ್ಚಿಡಬೇಕಾಗಲಿಲ್ಲ.

ನಿವೇದಿತಾ ಅವರಿಗೆ ಕಷ್ಟವಾದದ್ದು ಯಾವುದು ಎಂದು ನೋಡಿ. ಅವರು ಬೆಳೆದ ಮನೆಯಲ್ಲಿ ದೇವರು ತಂದೆ, ಕೇಡು ಅವನ ಎದುರಾಳಿಯದು. ಇಲ್ಲಿ ರುಂಡಮಾಲೆ ಹಾಕಿಕೊಂಡು, ನಾಲಿಗೆ ಚಾಚಿ, ಒಂದು ಕೈಯಲ್ಲಿ ಕತ್ತಿ ಹಿಡಿದವಳು, ಇನ್ನೊಂದು ಕೈಯಲ್ಲಿ ಅಭಯ ನೀಡುತ್ತಾಳೆ. ಕೊಡುವವಳೂ ಕಿತ್ತುಕೊಳ್ಳುವವಳೂ ಅವಳೇ. ಮೈಸೂರಿನ ಮಗುವಿಗೆ ಇದು ಅಷ್ಟು ವಿಚಿತ್ರವಲ್ಲ. ಮಹಿಷನನ್ನು ಕೊಂದವಳನ್ನೇ ನಾವು ಬೆಟ್ಟದ ತಾಯಿ ಎನ್ನುತ್ತೇವೆ. ನನ್ನ ಅಜ್ಜಿ ಚಾಮುಂಡಿಯನ್ನು ಏಕವಚನದಲ್ಲೇ ಕರೆಯುತ್ತಿದ್ದರು, ಮನೆಯಲ್ಲಿ ಸಾವು ಬಂದಾಗ ಏಕವಚನದಲ್ಲೇ ಬೈದರು, ಮರುದಿನ ಮತ್ತೆ ದೀಪ ಹಚ್ಚಿದರು. ಅಜ್ಜಿ ಹುಟ್ಟಿನಿಂದ ಪಡೆದ ಈ ಸಲಿಗೆಯನ್ನು ನಿವೇದಿತಾ ಅಕ್ಷರಾಭ್ಯಾಸದಂತೆ ಮೊದಲಿನಿಂದ ಕಲಿಯಬೇಕಾಯಿತು.

ಹೇಗೆ ಕಲಿತರು? ಶಿಕ್ಷಕಿ ಹೊಸ ವಿಷಯವನ್ನು ಕಲಿಯುವ ಹಾಗೆ. ನಂಬಿದ ಮೇಲೆ ಪೂಜೆ ಎಂದು ಕಾಯಲಿಲ್ಲ. ಬಾಗ್‌ಬಜಾರಿನ ಬೋಸ್‌ಪಾರಾ ಓಣಿಯಲ್ಲಿ, ಹಿಂದೂ ಹೆಂಗಸರ ನಡುವೆ ಮನೆ ಮಾಡಿದರು. ಮೊದಲು ಕೆಲವು ದಿನ ಶಾರದಾದೇವಿಯವರ ಮನೆಯಲ್ಲೇ ಇದ್ದು, ಅಲ್ಲಿನ ಹೆಂಗಸರು ಯಾವಾಗ ಏಳುತ್ತಾರೆ, ಹೇಗೆ ಜಪಕ್ಕೆ ಕೂರುತ್ತಾರೆ ಎಂಬುದನ್ನೆಲ್ಲ ನೋಡಿದರು. ಕಾಳಿಯ ಮೇಲೆ ರಾಮಪ್ರಸಾದ ಕಟ್ಟಿದ ಬಂಗಾಳಿ ಹಾಡುಗಳ ಅರ್ಥ ತಿಳಿದುಕೊಂಡರು. ಅವುಗಳಲ್ಲಿ ಭಕ್ತ ತಾಯಿಯ ಸೆರಗು ಹಿಡಿದು ಜಗಳ ಕಾಯುತ್ತಾನೆ, ಮುನಿಸಿಕೊಳ್ಳುತ್ತಾನೆ. ಅಷ್ಟು ಸ್ವಾತಂತ್ರ್ಯ ಕೊಡುವ ದೇವರನ್ನು ಅವರು ಹಿಂದೆ ಕಂಡಿರಲಿಲ್ಲ. 1898ರ ನವೆಂಬರ್ 13ರಂದು ಓಣಿಯ ಆ ಮನೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಅಂದು ಕಾಳಿಪೂಜೆ. ಶಾರದಾದೇವಿಯವರೇ ಬಂದು ಹರಸಿದರು. ನಾನು ಇಷ್ಟು ವರ್ಷ ಈ ದಿನಾಂಕವನ್ನು ಬಿಟ್ಟ ಸ್ಥಳ ತುಂಬಿರಿ ಎಂದು ಕೇಳುತ್ತಿದ್ದೆ. ಅದು ಯಾವ ಹಬ್ಬ ಎಂದು ನಾನೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

1899ರ ಫೆಬ್ರವರಿ 13ರಂದು ಕಲ್ಕತ್ತೆಯ ಆಲ್ಬರ್ಟ್ ಹಾಲಿನಲ್ಲಿ ಅವರು ಕಾಳಿಯ ಬಗ್ಗೆ ಭಾಷಣ ಮಾಡಿದರು. ಇಂಗ್ಲಿಷ್ ಕಲಿತ ಬಂಗಾಳಿಗಳೇ ಕಾಳಿಯ ಹೆಸರೆತ್ತಲು ನಾಚುತ್ತಿದ್ದ ಕಾಲ. ಪ್ರಸಿದ್ಧ ವೈದ್ಯ, ವಿಜ್ಞಾನ ಪ್ರಚಾರಕ ಡಾ. ಮಹೇಂದ್ರಲಾಲ್ ಸರ್ಕಾರ್ ಎದ್ದು ನಿಂತು, ನಾವು ಮೂಢನಂಬಿಕೆಯನ್ನು ಹೊರಹಾಕಲು ಹೆಣಗುತ್ತಿದ್ದರೆ ಹೊರದೇಶದವರು ಬಂದು ಅದನ್ನೇ ಎತ್ತಿ ಹಿಡಿಯುತ್ತಿದ್ದೀರಿ ಎಂದು ಆಕ್ಷೇಪಿಸಿದರು. ಸಭೆಯಲ್ಲಿ ಗದ್ದಲವಾಯಿತು. ಆ ವೈದ್ಯರ ಬಗ್ಗೆ ನನಗೆ ಗೌರವವಿದೆ. ಅವರ ಪ್ರಶ್ನೆ ಹುಸಿಯಲ್ಲ. ಮೇ 28ರಂದು ಕಾಳಿಘಾಟ್‌ನ ದೇವಾಲಯದಲ್ಲೇ ಮತ್ತೆ ಮಾತಾಡಿದಾಗ ನಿವೇದಿತಾ ಮೂರ್ತಿಪೂಜೆ ಮತ್ತು ಬಲಿಯ ಬಗೆಗಿನ ಆಕ್ಷೇಪಗಳನ್ನು ತಾವೇ ಎತ್ತಿಕೊಂಡು ಉತ್ತರಿಸಲು ಹೊರಟರು. ಅಲ್ಲಿ ಕುರ್ಚಿಗಳಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಎಲ್ಲರೂ ನೆಲದ ಮೇಲೆ ಕೂರಬೇಕೆಂದು ಸ್ವಾಮೀಜಿ ಮೊದಲೇ ಕಟ್ಟುನಿಟ್ಟು ಮಾಡಿದ್ದರು.

ಆದರೆ ಆ ಎರಡು ಭಾಷಣಗಳಿಗಿಂತ, ಅವುಗಳ ನಡುವೆ ನಡೆದದ್ದು ನನಗೆ ಮುಖ್ಯ. ಕಲ್ಕತ್ತೆಗೆ ಪ್ಲೇಗ್ ಬಂತು. ನಮ್ಮ ಮೈಸೂರು ಸೀಮೆಯಲ್ಲೂ ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡದ್ದು ಅದೇ ಕಾಲದಲ್ಲಿ. ರಾಮಕೃಷ್ಣ ಮಿಷನ್ನಿನ ಪ್ಲೇಗ್ ಸೇವೆಯನ್ನು ನಿವೇದಿತಾ ಮತ್ತು ಸ್ವಾಮಿ ಸದಾನಂದರು ವಹಿಸಿಕೊಂಡರು. ಚರಂಡಿ ತೆಗೆಸಿದರು, ಜನ ಸಾಲದೆ ಹೋದಾಗ ಪೊರಕೆ ಹಿಡಿದು ತಾವೇ ಓಣಿಗೆ ಇಳಿದರು. ಒಂದು ದಿನ ವೈದ್ಯ ರಾಧಾಗೋವಿಂದ ಕರ್ ಕೊಳೆಗೇರಿಯ ಗುಡಿಸಲಿಗೆ ರೋಗಿಯನ್ನು ನೋಡಲು ಹೋದಾಗ, ತಾಯಿ ಸತ್ತ ಮಗುವೊಂದನ್ನು ಮಡಿಲಲ್ಲಿಟ್ಟುಕೊಂಡು ನಿವೇದಿತಾ ಕೂತಿದ್ದರು. ಸೋಂಕಿನ ಅಪಾಯ ಹೇಳಿದರೂ ಏಳಲಿಲ್ಲ. ಸಣ್ಣ ಏಣಿ ಹತ್ತಿ ಆ ಗುಡಿಸಲಿನ ಗೋಡೆಗೆ ತಾವೇ ಸುಣ್ಣ ಬಳಿದರು. ಮಗು ಉಳಿಯಲಿಲ್ಲ. ಕೊನೆಯ ಗಳಿಗೆಯಲ್ಲಿ ಅದು ಇವರನ್ನೇ ತನ್ನ ತಾಯಿಯೆಂದು ತಿಳಿದು, ಅಮ್ಮ ಎಂದು ಕರೆದು ತಬ್ಬಿಕೊಂಡು ಹೋಯಿತು.

ಕಾಳಿಯ ಬಗ್ಗೆ ಅವರು ಬರೆದ ಪುಸ್ತಕ 1900ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಹೆಸರು ಕಾಲಿ ದ ಮದರ್. ಸಣ್ಣ ಪುಸ್ತಕ. ಅದನ್ನು ತೆರೆದಾಗ ಗಹನವಾದ ತತ್ತ್ವವೇ ಇರುತ್ತದೆಂದು ಹೆದರಿದ್ದೆ. ಆದರೆ ಅದರಲ್ಲಿ ಪಶ್ಚಿಮ ದೇಶದ ಪುಟ್ಟ ಮಗುವಿಗೆಂದೇ ಬರೆದ ಕಾಳಿಯ ಕತೆಯೊಂದಿದೆ. ಮಗು ತಾಯಿಯ ತೊಡೆಯ ಮೇಲೆ ಮಲಗಿ ಅವಳ ಕಣ್ಣು ನೋಡುತ್ತದೆ. ಕಣ್ಣು ಮುಚ್ಚಿದರೆ ತಾಯಿ ಇಲ್ಲ, ತೆರೆದರೆ ಇದ್ದಾಳೆ. ಮುಚ್ಚಿದ್ದಾಗಲೂ ಇದ್ದೇ ಇದ್ದಳು. ಹಾಗೆಯೇ ದೇವರೆಂಬ ತಾಯಿಯೂ ಕಣ್ಣು ಮುಚ್ಚಿ ಆಡುತ್ತಾಳೆ, ಆ ಆಟದಲ್ಲಿ ಅವಳ ಹೆಸರು ಕಾಳಿ. ನಮ್ಮ ಮನೆಗಳಲ್ಲಿ ಕೂಸಿಗೆ ಸೆರಗು ಮುಚ್ಚಿ ತೆಗೆದು ಆಡಿಸುತ್ತಾರಲ್ಲ, ಅದೇ ಆಟ. ವಿಂಬಲ್ಡನ್‌ನ ಶಿಕ್ಷಕಿ ಇಲ್ಲಿ ಕೆಲಸ ಮಾಡುತ್ತಿದ್ದಾರೆ: ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ. ಬೇರೆಯವರ ಮಗುವಿಗೆ ಹೀಗೆ ಹೇಳಬೇಕಾದರೆ ಮೊದಲು ತಾವೇ ಆ ತೊಡೆಯ ಮೇಲೆ ಮಲಗಿರಬೇಕು.

1902ರ ಜುಲೈ 4ರಂದು ಸ್ವಾಮೀಜಿ ತೀರಿಕೊಂಡರು. ನಿವೇದಿತಾ ಅವರಿಗೆ ದೇಶದ ರಾಜಕೀಯ ಬಿಡಲಾಗಲಿಲ್ಲ, ಮಠಕ್ಕೆ ರಾಜಕೀಯ ಸಲ್ಲದು. ಎರಡೇ ವಾರದಲ್ಲಿ ಮಠದೊಂದಿಗಿನ ಅಧಿಕೃತ ಸಂಬಂಧ ಕಡಿಯಿತು. ಗುರುವೂ ಇಲ್ಲ, ಸಂಘವೂ ಇಲ್ಲ. ನಂಬಿಕೆ ಬರೀ ಸ್ವಾಮೀಜಿಯ ವ್ಯಕ್ತಿತ್ವದ ಸೆಳೆತವಾಗಿದ್ದರೆ ಇಲ್ಲಿಗೆ ಮುಗಿಯಬೇಕಿತ್ತು. ಅವರು ಊರಿಗೆ ಮರಳಲಿಲ್ಲ. ಅದೇ ಓಣಿಯಲ್ಲಿ ಅದೇ ಶಾಲೆ ನಡೆಸಿದರು.

ಆ ವರ್ಷದ ಡಿಸೆಂಬರ್‌ನಲ್ಲಿ ಮದ್ರಾಸಿಗೆ ಬರುವ ದಾರಿಯಲ್ಲಿ ಒರಿಸ್ಸಾದ ಖಂಡಗಿರಿ ಬೆಟ್ಟದಲ್ಲಿ ಸನ್ಯಾಸಿಗಳ ಜೊತೆ ತಂಗಿದ್ದರು. ಅಂದು ಕ್ರಿಸ್‌ಮಸ್‌ನ ಹಿಂದಿನ ರಾತ್ರಿ. ಸೌದೆಯ ಬೆಂಕಿ ಹಾಕಿ ಸುತ್ತ ಕೂತರು. ಒಬ್ಬರು ಕುರುಬರ ಕೋಲು ಹಿಡಿದರು. ನಿವೇದಿತಾ ಲೂಕನ ಸುವಾರ್ತೆ ತೆಗೆದು ಏಸುವಿನ ಜನನದ ಕತೆ ಓದಿದರು. ಓದುತ್ತ ಓದುತ್ತ ಮರಣ, ಪುನರುತ್ಥಾನದವರೆಗೂ ಹೋದರು. ಆರು ತಿಂಗಳ ಹಿಂದೆ ಗುರುವನ್ನು ಕಳೆದುಕೊಂಡವರಿಗೆ ಆ ಪುಟಗಳು ಹೊಸದಾಗಿ ಕೇಳಿಸಿದವು. 18ರಲ್ಲಿ ಸುಳ್ಳೆನಿಸಿದ್ದ ಸಿದ್ಧಾಂತವನ್ನು ಅವರು ಮತ್ತೆ ಒಪ್ಪಿಕೊಂಡರು ಎಂದಲ್ಲ. ಆದರೆ ಚರ್ಚಿನಲ್ಲಿ ಸಿಗದೆ ಎದ್ದು ಬಂದಿದ್ದ ಬಾಲ ಏಸು, ಕಾಳಿಯ ಮಗಳಾದ ಮೇಲೆ, ಗೇರುವಾ ಬಟ್ಟೆಯವರ ನಡುವೆ, ಬೆಟ್ಟದ ಮೇಲೆ ಸಿಕ್ಕ. ಹುಡುಗಿ ಕೇಳಿದ ಹಳೆಯ ದೇವರ ಬಗ್ಗೆ ನನಗೆ ಸಿಕ್ಕ ಉತ್ತರಕ್ಕೆ ಹತ್ತಿರದ್ದು ಇದೇ.

ಓಣಿಯ ಮನೆಯಲ್ಲಿ ಇನ್ನೊಬ್ಬರಿದ್ದರು. ಗೋಪಾಲನ ತಾಯಿ ಎಂದೇ ಹೆಸರಾದ ಅಘೋರಮಣಿ ದೇವಿ, ಬಾಲಕೃಷ್ಣನನ್ನು ತನ್ನ ಮಗನೆಂದೇ ಸಾಕಿದ ವೃದ್ಧೆ. ಮಡಿ ಹೆಂಗಸು. ಜೀವನದ ಕೊನೆಯ ವರ್ಷಗಳನ್ನು ಈ ವಿದೇಶಿಯ ಮನೆಯಲ್ಲೇ ಕಳೆದು 1906ರ ಜುಲೈನಲ್ಲಿ ತೀರಿಕೊಂಡರು. ಶುಶ್ರೂಷೆ ಮಾಡಿದ್ದು ನಿವೇದಿತಾ. ಒಬ್ಬರಿಗೆ ದೇವರು ಮಗು, ಇನ್ನೊಬ್ಬರಿಗೆ ದೇವರು ತಾಯಿ. ಒಂದೇ ಸೂರಿನಡಿ ಇಬ್ಬರೂ ಹೇಗೆ ಮಾತಾಡಿಕೊಂಡಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ.

ಉಳಿದದ್ದು ನಿಮಗೆ ಪಠ್ಯದಿಂದ ಗೊತ್ತಿರುವುದೇ. ಸಿಸ್ಟರ್ ಕ್ರಿಸ್ಟಿನ್ ಜೊತೆ ಸೇರಿ ಶಾಲೆ ಬೆಳೆಸಿದರು. ಹೊಲಿಗೆ, ಚಿತ್ರ, ಮಣ್ಣಿನ ಕೆಲಸ ಸೇರಿಸಿದರು. ಜಗದೀಶಚಂದ್ರ ಬೋಸರ ಪುಸ್ತಕಗಳಿಗೆ ಕೈಜೋಡಿಸಿದರು. ಜಮ್‌ಸೇಟ್‌ಜಿ ಟಾಟಾ ಅವರ ವಿಜ್ಞಾನ ಸಂಸ್ಥೆಯ ಯೋಜನೆಗೆ ಸರ್ಕಾರ ಮೀನಮೇಷ ಎಣಿಸುತ್ತಿದ್ದಾಗ ಅದರ ಪರವಾಗಿ ಬರೆದು ಓಡಾಡಿದರು. ಅದು 1909ರಲ್ಲಿ ಮೈಸೂರು ಸಂಸ್ಥಾನ ಕೊಟ್ಟ ನೆಲದಲ್ಲಿ, ಬೆಂಗಳೂರಿನಲ್ಲಿ ನೆಲೆಯಾಯಿತು. ವಜ್ರಾಯುಧದ ಗುರುತಿನ ಧ್ವಜ, ಬಂಗಾಳ ವಿಭಜನೆಯ ವಿರುದ್ಧದ ಓಡಾಟ, ಪೂರ್ವ ಬಂಗಾಳದ ಬರಗಾಲದ ಸೇವೆ. ದೇಹ ಸೋತಿತು. 1911ರ ಅಕ್ಟೋಬರ್ 13ರಂದು ಡಾರ್ಜಿಲಿಂಗ್‌ನಲ್ಲಿ, ಬೋಸ್ ದಂಪತಿಗಳ ಆರೈಕೆಯಲ್ಲಿದ್ದಾಗ ತೀರಿಕೊಂಡರು. 44 ತುಂಬಲು ಹದಿನೈದು ದಿನ ಬಾಕಿಯಿತ್ತು.

ಈ ವರ್ಷ ಬೋಧನಾಭ್ಯಾಸ ಶುರುವಾಗುವ ಮೊದಲು ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಅದೇ ಮಕ್ಕಳ ತರಗತಿಗೆ, ಈಗ ಒಂಬತ್ತನೆಯದು, ಮತ್ತೆ ಹೋದೆ. ಈ ಸಲ ಪಾಠ ನನ್ನದು. ಕಳೆದ ವರ್ಷದ ಪ್ರಶಿಕ್ಷಣಾರ್ಥಿ ಈಗ ನಮ್ಮ ಊರಿನಲ್ಲೇ ಶಿಕ್ಷಕಿ. ಕರೆದಿದ್ದಕ್ಕೆ ಬಂದು ಕೊನೆಯ ಬೆಂಚಿನಲ್ಲಿ ಅವಲೋಕನ ಪುಸ್ತಕ ಹಿಡಿದು ಕೂತರು. ಮಕ್ಕಳಿಗೆ ಕಣ್ಣು ಮುಚ್ಚಿ ಎಂದೆ. ಸದ್ದಿಲ್ಲದೆ ನಡೆದು ಕಿಟಕಿಯ ಹತ್ತಿರ ನಿಂತು, ನಾನು ಎಲ್ಲಿದ್ದೇನೆ ಹೇಳಿ ಎಂದೆ. ಎಲ್ಲರ ಕೈಯೂ ಕಿಟಕಿಯ ಕಡೆಗೇ. ಹೇಗೆ ಗೊತ್ತಾಯಿತು ಎಂದರೆ ಬಳೆ ಸದ್ದು ಎಂದರು. ಅಲ್ಲಿಂದ ಪುಟ್ಟ ಮಗುವಿನ ಕತೆಗೆ, ಅಲ್ಲಿಂದ ಪ್ಲೇಗಿನ ಗುಡಿಸಲಿಗೆ, ಅಲ್ಲಿಂದ ಖಂಡಗಿರಿಯ ಬೆಂಕಿಯ ಹತ್ತಿರಕ್ಕೆ ಹೋದೆವು.

ಆ ಹುಡುಗಿ ಈಗ ಎರಡನೆಯ ಸಾಲಿನಲ್ಲಿ ಕೂರುತ್ತಾಳೆ. ಎದ್ದು ನಿಂತಳು. ಹಾಗಾದರೆ ಸಾಯುವಾಗ ಅವರು ಯಾರನ್ನು ಕರೆದರು ಎಂದು ಕೇಳಿದಳು. ಕಾಯಿಲೆಗೆ ಸ್ವಲ್ಪ ಮುಂಚೆ ಬೌದ್ಧರ ಪ್ರಾರ್ಥನೆಯೊಂದನ್ನು ಇಂಗ್ಲಿಷಿಗೆ ತಂದು ಗೆಳೆಯರಿಗೆ ಕಳಿಸಿದ್ದರು ಎಂದು ಹೇಳಿದೆ. ಕೊನೆಯ ದಿನಗಳಲ್ಲಿ ಅವರ ಬಾಯಲ್ಲಿದ್ದದ್ದು ಉಪನಿಷತ್ತಿನ ಪ್ರಾರ್ಥನೆ; ಭಯಂಕರನಾದ ರುದ್ರನಿಗೆ ಇನ್ನೊಂದು ಮುಖವಿದೆ, ಕರುಣೆಯ ಮುಖ, ಅದರಿಂದ ನನ್ನನ್ನು ಕಾಪಾಡು ಎಂದು ಕೇಳಿಕೊಳ್ಳುವುದು ಎಂದೂ ಹೇಳಿದೆ. ಅವಳು ಬೆರಳು ಮಡಿಸಿದಳು: ಏಸು, ಬುದ್ಧ, ಕಾಳಿ, ರುದ್ರ. ಇಷ್ಟೂ ಜನಕ್ಕೆ ಬೇಜಾರಾಗಲಿಲ್ಲವಾ ಎಂದಳು. ಈ ಸಲ ಅವಳೇ ಮೊದಲು ನಕ್ಕಳು. ಪಕ್ಕದ ಹುಡುಗಿ ಏನೋ ಉತ್ತರ ಹೇಳತೊಡಗಿದಳು, ಹಿಂದಿನ ಸಾಲಿನವನೊಬ್ಬ ಅದು ತಪ್ಪು ಎಂದ. ಗಂಟೆ ಹೊಡೆಯಿತು.

ಅವಲೋಕನ ಪುಸ್ತಕ ಸಂಜೆ ನನ್ನ ಕೈಗೆ ಬಂತು. ಕಪ್ಪುಹಲಗೆಯ ಸಾರಾಂಶ ಬರೆದಿಲ್ಲ. ಸಮಯ ಪಾಲನೆ ಇಲ್ಲ. ಗೃಹಪಾಠ ಕೊಟ್ಟಿಲ್ಲ. ಮಕ್ಕಳು ಬಿಡುವಿನ ವೇಳೆಯಲ್ಲೂ ಜಗಳವಾಡುತ್ತಿದ್ದರು. 25ಕ್ಕೆ 19.